ದಾರ ಕಟ್ಟಿದ ನೀರಿನ ಕ್ಯಾನು

ನಮ್ಮ ವ್ಯಾನಿನಲ್ಲಿ ನೀರಿನ ಕ್ಯಾನು ಒಂದೇ ಇತ್ತು. ಎರಡನೆಯದನ್ನು ತಂದಿಟ್ಟವರು ನನ್ನ ತಮ್ಮ ರಾಘು ಮತ್ತು ಅವನ ಹೆಂಡತಿ ಮಾಲತಿ. ಇಟ್ಟದ್ದು ಸಿಂದಗಿಯ ಅವರ ಮನೆಯ ಅಂಗಳದಲ್ಲಿ, ಮಾಗಿಯ ಒಂದು ಶುಕ್ರವಾರ, ಬೆಳಗಿನ ಎಂಟು ಗಂಟೆಗೆ. ಆ ಕ್ಯಾನಿನ ಹಿಡಿಕೆಗೆ ಕೆಂಪು ದಾರ ಕಟ್ಟಿತ್ತು. ನಾನೂ ನನ್ನ ಗೆಳತಿ ಶಾಂತಾಳೂ ಐದು ತಿಂಗಳು ಕೂತು ಹೆಣೆದ ಪ್ರವಾಸ ಆ ದಾರದಿಂದಾಗಿ ಮೂರೇ ದಿನಕ್ಕೆ ಮುರಿದುಬಿತ್ತು. ಅದಕ್ಕೀಗ ಮೂರು ವರ್ಷ. ರಾಘು, ಮಾಲತಿ ಇದನ್ನು ಮರೆತಿದ್ದಾರೆ. ನಾನು ಮರೆತಿಲ್ಲ.

ಹೋದ ವಾರ ಝಳಕಿಯಲ್ಲಿ ಇಂಡಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದು ಟೆಂಪೋದಿಂದ ನಿಂಬೆಹಣ್ಣಿನ ಚೀಲಗಳನ್ನು ಇಳಿಸುತ್ತಿದ್ದರು. ಒಂದು ಚೀಲ ಹರಿದು ಹಣ್ಣುಗಳು ಡಾಂಬರಿನ ಮೇಲೆ ಉರುಳಿದವು. ನಾಲ್ಕಾರು ಲಾರಿಯ ಗಾಲಿಗೆ ಸಿಕ್ಕು ಜಜ್ಜಿಹೋದವು. ಆ ಹುಳಿಗಂಪು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ನಮ್ಮ ವ್ಯಾನಿನೊಳಗೆ ಕೂತಿದ್ದೆ. ನಾವು ಕೊಳ್ಳುವ ಮೊದಲು ಅದು ಇಂಡಿಯ ತೋಟಗಳಿಂದ ನಿಂಬೆಹಣ್ಣು ಹೊರುತ್ತಿತ್ತು. ಸೋಪಿನ ನೀರು, ಸುಣ್ಣದ ನೀರು, ಬಿಸಿಲು ಯಾವುದಕ್ಕೂ ಅದರ ವಾಸನೆ ಮಣಿದಿರಲಿಲ್ಲ. "ಇರಲಿ ಬಿಡ, ವಾಂತಿ ಬರೂದಿಲ್ಲ" ಎಂದಿದ್ದಳು ಶಾಂತಾ. ಯಾವ ದೋಷವನ್ನೂ ಅನುಕೂಲದ ಲೆಕ್ಕಕ್ಕೆ ಹಚ್ಚುವ ಸ್ವಭಾವ ಅವಳದು. ನನ್ನದು ಅದಕ್ಕೆ ತೀರ ವಿರುದ್ಧ.

ಶಾಂತಾ ಅಗರಖೇಡದವಳು. ಇಂಡಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ನಾನು ಕನ್ನಡ ಕಲಿಸಿದೆ, ಅವಳು ಸಮಾಜ ವಿಜ್ಞಾನ ಕಲಿಸಿದಳು. ಅವರದು ದಲಿತ ಕೇರಿಯ ಬೌದ್ಧ ಮನೆತನ; ನಮ್ಮದು ಮನೆಯೊಳಗೆ ಮರಾಠಿ ಬೆರೆಸಿ ಮಾತನಾಡುವ ವೈಷ್ಣವ ಮನೆತನ. ಶಾಲೆಯ ಶಿಕ್ಷಕರ ಕೋಣೆಯಲ್ಲಿ ನಮ್ಮಿಬ್ಬರ ಬುತ್ತಿ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಅವಳ ಶೇಂಗಾ ಚಟ್ನಿ ನನ್ನ ಡಬ್ಬಿಗೆ, ನನ್ನ ಮೆಂತ್ಯದ ಹಿಟ್ಟು ಅವಳ ಡಬ್ಬಿಗೆ ಬರುತ್ತಿತ್ತು. ನಾನು ಮದುವೆಯಾದವಳಲ್ಲ. ಅವಳು ಗಂಡನನ್ನು ಕಳೆದುಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅಣ್ಣನ ಪಿಕಪ್ ಗಾಡಿಯ ಮೇಲೆ ಡ್ರೈವಿಂಗ್ ಕಲಿತಳು. ಇಬ್ಬರೂ ಒಂದೇ ತಿಂಗಳಲ್ಲಿ ನಿವೃತ್ತರಾದೆವು.

ಆ ವರ್ಷದ ಶ್ರಾವಣ. ಮಳೆ ಬರುವಂತೆ ನಾಟಕ ಮಾಡಿ ಬರದೆ ಹೋದ ಒಂದು ಮಧ್ಯಾಹ್ನ ಅವಳು ನನ್ನ ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಗಂಡಹೆಂಡತಿ ವ್ಯಾನಿನಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಊರೂರು ಸುತ್ತುತ್ತಿದ್ದರು.

"ನೋಡ ಸುಮತಿ, ಇದಕ್ಕ ಏನೋ ದೊಡ್ಡ ಹೆಸರು ಇಟ್ಟಾರ. ನಮ್ಮಜ್ಜನ ಕೊಲ್ಲಾರಿ ಬಂಡಿ ಅಲ್ಲೇನ ಇದು?"

ಕಮಾನಿನ ಹೊದಿಕೆ ಹಾಕಿದ ಆ ಎತ್ತಿನ ಬಂಡಿಗಳಲ್ಲಿ ನಮ್ಮ ಹಿರಿಯರು ವಾರಗಟ್ಟಲೆ ಪ್ರಯಾಣ ಮಾಡುತ್ತಿದ್ದುದನ್ನು ನಾನೂ ಕೇಳಿದ್ದೆ.

"ಇದಕ್ಕ ಎತ್ತು ಇಲ್ಲ" ಎಂದೆ.

"ನಾ ಇದ್ದೇನಲ್ಲ, ಎಳೀತೇನಿ."

"ಎಲ್ಲಿಗೆ?"

ಉತ್ತರವನ್ನು ಅವಳು ಮೊದಲೇ ಸಿದ್ಧ ಮಾಡಿಟ್ಟಿದ್ದಳು. "ಭೀಮಾ ಎಲ್ಲಿ ಹೋಗಿ ಕೃಷ್ಣಾಕ್ಕ ಕೂಡತೈತಿ, ಅಲ್ಲಿಗೆ. ಇಪ್ಪತ್ತೆರಡು ವರ್ಷ ನೀಲಿ ಖಡೂಲೆ ಬೋರ್ಡಿನ ಮ್ಯಾಲ ಗೆರಿ ಎಳದೇನಿ. ಹುಡುಗ್ಯಾರು ‘ಬಾಯಾರ, ನೀವು ನೋಡೀರೇನ್ರಿ’ ಅಂದ್ರ, ‘ಮುಂದಿನ ಪಾಠ ತಗೀರಿ’ ಅಂತಿದ್ದೆ. ಸಾಯೂದ್ರೊಳಗ ಒಮ್ಮೆ ನೋಡಬೇಕು. ಅಲ್ಲಿಂದ ಹಂಗ ನೀರಿನ ಬೆನ್ನ ಹತ್ತಿ ಸಮುದ್ರದ ತನಕ."

ಅವಳು ನಕ್ಕೇ ಹೇಳಿದಳು. ಆದರೆ ‘ಮುಂದಿನ ಪಾಠ ತಗೀರಿ’ ಎನ್ನುವಾಗ ಅವಳ ಮುಖ ಒಂದು ಕ್ಷಣ ತರಗತಿಯಲ್ಲಿ ಸಿಕ್ಕಿಬಿದ್ದವಳ ಮುಖವಾಯಿತು. ನಾನೋ, ಅರವತ್ತು ವರ್ಷದಲ್ಲಿ ನಮ್ಮ ಮನೆಯವರ ಹಿಂದೆ ಅಲ್ಲದೆ, ಯಾರದೋ ಮದುವೆ ಮುಂಜಿಗೆ ಅಲ್ಲದೆ, ಎಲ್ಲಿಗೂ ಹೋದವಳಲ್ಲ. ಅವಳಿಗೆ ಸಂಗಮ ಬೇಕಾಗಿತ್ತು. ನನಗೆ ದಾರಿ ಬೇಕಾಗಿತ್ತು.

ಮರುದಿನವೇ ಒಂದು ಹೊಸ ನೋಟುಪುಸ್ತಕ ತೆಗೆದೆ. ಪಿಂಚಣಿಯೊಳಗೇ ಎಲ್ಲವೂ ಆಗಬೇಕು. ಲಾಡ್ಜ್ ಇಲ್ಲ, ಹೋಟೆಲ್ ಇಲ್ಲ, ನೆಂಟರ ಮನೆಯ ಹಂಗೂ ಇಲ್ಲ ಎಂದು ಮೊದಲ ಪುಟದಲ್ಲೇ ಬರೆದೆವು. ಊಟದ ಚಿಂತೆ ಇರಲಿಲ್ಲ. ತಿಂಗಳುಗಟ್ಟಲೆ ಕೆಡದ ಕಡಕ್ ರೊಟ್ಟಿ, ಗುರೆಳ್ಳ ಪುಡಿ, ಶೇಂಗಾ ಹಿಂಡಿಗಳನ್ನು ಕಂಡುಹಿಡಿದ ನಾಡಿನಲ್ಲಿ ಹುಟ್ಟಿದವರಿಗೆ ದಾರಿಯ ಊಟವೊಂದು ಸಮಸ್ಯೆಯೇ? ನಿಜವಾದ ಸಮಸ್ಯೆ ಬೇರೆ ಇತ್ತು. ಅದನ್ನು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಅರವತ್ತು ದಾಟಿದ ಇಬ್ಬರು ಹೆಂಗಸರು ದಾರಿಯಲ್ಲಿ ಶೌಚಕ್ಕೆ ಎಲ್ಲಿಗೆ ಹೋಗಬೇಕು? ಶಾಂತಾ ತನ್ನ ಹಳೆಯ ವಿದ್ಯಾರ್ಥಿನಿಯರಿಗೆ ಒಬ್ಬೊಬ್ಬರಿಗೂ ಫೋನು ಹಚ್ಚಿದಳು. "ಏ ಹುಡುಗಿ, ನಿಮ್ಮೂರ ಪೆಟ್ರೋಲ್ ಪಂಪಿನ ಪಾಯಖಾನಿಗೆ ಚಿಲಕ ಐತೇನ? ಐತಿ ಅನಬ್ಯಾಡ, ಹೋಗಿ ಹಾಕಿ ನೋಡಿ ಹೇಳ." ಹಾಗೆ ನಾಲ್ಕು ಜಿಲ್ಲೆಗಳ ಒಂದು ನಕಾಶೆ ತಯಾರಾಯಿತು. ಚಿಲಕ ಬೀಳುವ ಕಡೆ ಹಸಿರು ಚುಕ್ಕೆ, ಬೀಳದ ಕಡೆ ಕೆಂಪು. ಆ ನಕಾಶೆ ಈಗಲೂ ನನ್ನಲ್ಲಿದೆ. ಅಷ್ಟು ಉಪಯುಕ್ತವಾದ ಭೂಗೋಳವನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ವ್ಯಾನು ಸಿಕ್ಕ ಮೇಲೆ ಅದರೊಳಗಿನ ಕೆಲಸವನ್ನು ಸಿಂದಗಿಯ ಬಡಿಗ ಈರಪ್ಪನಿಗೆ ವಹಿಸಿದೆವು. ಮಂಚದ ಉದ್ದ ಎಷ್ಟಿರಬೇಕೆಂದು ಅವನು ಕೇಳಿದ. ಶಾಂತಾ ಅವನ ಅಂಗಡಿಯ ಹೊಟ್ಟಿನ ಮೇಲೆಯೇ ಉದ್ದಕ್ಕೆ ಮಲಗಿಬಿಟ್ಟಳು.

"ಅಳೀ."

"ಅಯ್ಯ, ಏಳ್ರಿ ಬಾಯಾರ, ಮಂದಿ ನೋಡಾಕತ್ತಾರ."

"ಮಂದಿ ನೋಡಲಿ. ನೀ ಟೇಪ್ ಹಿಡಿ. ಕಾಲ ಹೊರಗ ಬಂದ್ರ ಮತ್ತ ನಿನ್ನ ಮನೀಗೇ ಬರ್ತೇನಿ ನೋಡ."

ಎರಡು ವಾರದ ಮೇಲೆ ಎರಡು ಮಂಚ, ಅವುಗಳ ಕೆಳಗೆ ಪೆಟ್ಟಿಗೆ, ಹಿಂಬಾಗಿಲಿಗೆ ಮಡಚಿಡುವ ಅಡುಗೆ ಹಲಗೆ, ಅದರ ಬದಿಗೆ ಒಂದೇ ಒಂದು ನೀರಿನ ಕ್ಯಾನಿಗೆ ಕಟಾಂಜನ, ಎಲ್ಲವೂ ಸಿದ್ಧವಾದವು. ಈರಪ್ಪ ದೂರ ನಿಂತು ತಲೆ ತುರಿಸಿಕೊಂಡ. "ಇದಕ್ಕ ಗಾಡಿ ಅನ್ನೂದೋ ಮನಿ ಅನ್ನೂದೋ, ಬಾಯಾರ?"

"ಸಾಲಿ ಅನ್ನು" ಎಂದಳು ಶಾಂತಾ. "ಸಾಲಿಗೆ ಗಾಲಿ ಹಚ್ಚೇವಿ."

ಈ ಕೆಲಸಕ್ಕಾಗಿ ಸಿಂದಗಿಗೆ ಹೋಗಿಬರುವಾಗ ರಾಘುವಿನ ಮನೆಗೂ ಹೋಗುತ್ತಿದ್ದೆ. ದೀಪಾವಳಿ ಪಾಡ್ಯದ ದಿನ, ನನ್ನಿಂದ ಆರತಿ ಎತ್ತಿಸಿಕೊಂಡು ಇನ್ನೂ ಕುಂಕುಮ ಆರದ ಹಣೆಯಲ್ಲಿ, ಅವನು ಹೇಳಿದ: "ಏನಕ್ಕಾ, ಕಬ್ಬು ಕಡಿಯವರಗತೆ ಗಾಡಿಯೊಳಗ ಮಲಗ್ತೀಯಂತ? ಮಂದಿ ನನಗ ಕೇಳ್ಲಿಕ್ಕತ್ತಾರ." ಮಾಲತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಮಾಲತಿ ಎಂದೂ ಕಟುವಾಗಿ ಮಾತನಾಡಿದವಳಲ್ಲ. ಅವಳ ಚುಚ್ಚುವಿಕೆಯೆಲ್ಲ ಉಪಚಾರದ ಒಳಗೇ ಇರುತ್ತದೆ.

ಈ ಮಾತನ್ನು ಶಾಂತಾಳಿಗೆ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. "ಖರೇ ಹೇಳ್ಯಾನ. ಗಾಡ್ಯಾಗ ಬಾಳೇ ಮಾಡೂದು ಅವರನ್ನ ಕೇಳಬೇಕು" ಎಂದು ಮರುವಾರವೇ ನನ್ನನ್ನು ಆಲಮೇಲದ ಕಡೆ ಕರೆದೊಯ್ದಳು. ಕಬ್ಬಿನ ಗದ್ದೆಯ ಬದಿಗೆ ಬಿಡಾರ ಹೂಡಿದ್ದ ಹೆಂಗಸರು ನಮಗೆ ಹೇಳಿಕೊಟ್ಟದ್ದನ್ನು ನೋಟುಪುಸ್ತಕದಲ್ಲಿ ಎರಡು ಪುಟ ಬರೆದುಕೊಂಡೆ: ಹಾಸಿಗೆಯ ಕೆಳಗೆ ರವದಿ, ಅಂದರೆ ಕಬ್ಬಿನ ಒಣ ಗರಿ, ಹರವಿದರೆ ಚಳಿ ನೆಲದಿಂದ ಏರುವುದಿಲ್ಲ, ಗಾಡಿಯ ಮುಖ ಮೂಡಣಕ್ಕೆ ಇರಬೇಕು, ಬೆಳಗಿನ ಬಿಸಿಲು ಮೊದಲು ಒಳಗೆ ಬರುತ್ತದೆ. ಅವರಲ್ಲಿ ಒಬ್ಬಳು ಕೇಳಿದಳು, "ನಿಮಗೇನ ಕಡಿಮಿ ಆಗೇತ್ರಿ, ಗಾಡ್ಯಾಗ ಮಲಗಾಕ?" ಶಾಂತಾ ನಗುತ್ತ, "ಊರ ಕಡಿಮಿ ಬಿದ್ದಾವವ್ವ" ಎಂದಳು.

ಸಮುದ್ರದ ದಾರಿಗೆ ಇಳಿಯುವ ಮುನ್ನ ಒಂದು ಪರೀಕ್ಷೆಯ ಸುತ್ತು ಮಾಡುವುದೆಂದು ನಿಶ್ಚಯಿಸಿದೆವು. ಇಂಡಿಯಿಂದ ಸಿಂದಗಿ, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಮರಳಿ ಇಂಡಿ. ಗಾಡಿ ತಡೆಯುತ್ತದೆಯೇ, ನಮ್ಮ ಮೊಣಕಾಲು ತಡೆಯುತ್ತವೆಯೇ ನೋಡಬೇಕಿತ್ತು. ಬೇರೆ ಏನಾದರೂ ತಡೆಯದೆ ಹೋದೀತೆಂದು ನಮಗೆ ಹೊಳೆದಿರಲಿಲ್ಲ.

ಗುರುವಾರ ಹೊರಟೆವು. ಮಾಗಿಯ ಬಿಸಿಲು ಎಳೆಯದಾಗಿತ್ತು. ದಾರಿಯ ಎರಡೂ ಕಡೆ ಬಿಳಿಜೋಳದ ತೆನೆಗಳು ಹಾಲು ತುಂಬಿ ಬಾಗಿದ್ದವು. ಒಂದು ಹೊಲದಲ್ಲಿ ಸೀತನಿ ಸುಡುತ್ತಿದ್ದರು. ಶಾಂತಾ ಗಾಡಿ ನಿಲ್ಲಿಸಿ ಎರಡು ಬೊಗಸೆ ಬಿಸಿ ಕಾಳು ಇಸಿದುಕೊಂಡು ಬಂದಳು. ಉಡಿಯಲ್ಲಿ ಸುಟ್ಟ ಜೋಳ, ಸುತ್ತ ನಿಂಬೆಯ ವಾಸನೆ, ಮುಂದೆ ಕಪ್ಪು ನೆಲದ ನಡುವೆ ನೆಟ್ಟಗೆ ಬಿದ್ದ ರಸ್ತೆ. ಹಿಂದಿನ ಸೀಟಿನಲ್ಲಿ ಅಲ್ಲ, ಮುಂದಿನ ಸೀಟಿನಲ್ಲಿ ಕೂತು ನಾನು ಊರು ದಾಟುತ್ತಿದ್ದೆ. ಆ ಮುಂಜಾನೆ ನನಗೆ ಯಾರೂ ಕೊಟ್ಟದ್ದಲ್ಲ. ಆದ್ದರಿಂದ ಯಾರೂ ಹಿಂದಕ್ಕೆ ಪಡೆಯಲಾರರು.

ಆ ದಿನ ರಾಘುವಿನ ಅಂಗಳದಲ್ಲಿ ವ್ಯಾನು ನಿಲ್ಲಿಸಿದೆವು. ಪರೀಕ್ಷೆಯೆಂದರೆ ಪರೀಕ್ಷೆಯೇ ಎಂದು ಶಾಂತಾ ಹಟ ಹಿಡಿದದ್ದರಿಂದ ಅಡುಗೆ, ನಿದ್ದೆ ಎರಡೂ ಗಾಡಿಯಲ್ಲೇ ನಡೆದವು. ಬೆಳಿಗ್ಗೆ ಶಾಂತಾ ಗಾಲಿಗಳ ಗಾಳಿ ನೋಡುತ್ತಿದ್ದಾಗ ಮಾಲತಿ ತುಂಬಿದ ಕ್ಯಾನೊಂದನ್ನು ತಂದು ಹಿಂಬಾಗಿಲಲ್ಲಿ ಇಟ್ಟಳು.

"ಅಕ್ಕಾ, ಒಂದು ಕ್ಯಾನ್ ಸಾಲೂದಿಲ್ಲ. ಇದೂ ಇರ್ಲಿ." ಆಮೇಲೆ ಸೆರಗು ಸರಿಪಡಿಸಿಕೊಳ್ಳುತ್ತ, ದನಿ ಇಳಿಸಿ, "ದಾರ ಕಟ್ಟಿದ್ದು ನಿಮ್ದದ. ಗೊತ್ತಿರ್ಲಿ."

ಗೇಟಿನ ಹತ್ತಿರ ನಿಂತಿದ್ದ ರಾಘು, "ತಗೋ ಅಕ್ಕಾ, ನಿನ್ನ ಛಲೋಕ್ಕ ಹೇಳ್ತಾಳ" ಎಂದ.

ಆಗ ನಾನು ಆ ಕ್ಯಾನನ್ನು ಕೆಳಗಿಳಿಸಬಹುದಿತ್ತು. ದಾರವನ್ನು ಕಿತ್ತೆಸೆಯಬಹುದಿತ್ತು. ಶಾಂತಾ "ಹೋಗೂಣೇನ?" ಎಂದಳು. ನಾನು "ಹ್ಞೂಂ" ಎಂದೆ.

ಮುದ್ದೇಬಿಹಾಳದಲ್ಲಿ ಶಾಂತಾಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಕ್ಷಕಿಯಾಗಿದ್ದಳು; ತನ್ನ ಶಾಲೆಯ ಅಂಗಳದಲ್ಲಿ ನಿಲ್ಲಲು ಅನುಮತಿ ಕೊಡಿಸಿದ್ದಳು. ಮಕ್ಕಳು ಮನೆಗೆ ಹೋದ ಮೇಲಿನ ಆ ಸಂಜೆ ನನ್ನ ಬದುಕಿನ ಅತ್ಯಂತ ಸುಖದ ಸಂಜೆಗಳಲ್ಲೊಂದು. ಶಾಂತಾ ಗಾಜಿನ ಮೇಲೆ ಕೂತ ಧೂಳಿನಲ್ಲಿ ಬೆರಳಿನಿಂದ ಎರಡು ನದಿಗಳನ್ನು ಬರೆದಳು. ಒಂದು ಗೆರೆಯ ಮೇಲೆ ಚುಕ್ಕೆ ಇಟ್ಟು, "ಇಲ್ಲಿ ನನ್ನ ತವರುಮನಿ" ಎಂದಳು. ಇನ್ನೊಂದರ ಹತ್ತಿರ ಚುಕ್ಕೆ ಇಟ್ಟು, "ಇಲ್ಲಿ ನಾವು ಈಗ" ಎಂದಳು. ಗೆರೆಗಳು ಕೂಡುವಲ್ಲಿ ಚುಕ್ಕೆ ಇಡಲಿಲ್ಲ. "ಅಲ್ಲಿ ಹೋಗಿ ಇಡ್ತೇನಿ."

ಆ ಸಂಜೆಯೂ, ಅದರ ಮರುದಿನವೂ, ನಾನು ದಾರ ಕಟ್ಟಿದ ಕ್ಯಾನಿನಿಂದಲೇ ನೀರು ಕುಡಿದೆ. ಮರೆತು ಕುಡಿದೆನೆಂದು ಹೇಳುವಂತಿಲ್ಲ. ಪ್ರತಿ ಸಲವೂ ಕೈ ತಾನಾಗಿ ಹಿಡಿಕೆ ನೋಡಿಯೇ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮೇಲೆ ಉಂಡವಳಿಗೆ ಹೀಗೇಕಾಯಿತು? ಗುರುತು ಇಲ್ಲದಿದ್ದಾಗ ಭೇದವೂ ಇರಲಿಲ್ಲ. ಗುರುತು ಬಂದ ಕೂಡಲೇ ನನ್ನೊಳಗಿನ ನನ್ನ ಅಜ್ಜಿ ಎಚ್ಚರಗೊಂಡಳು. ಶಾಂತಾ ಎಲ್ಲವನ್ನೂ ನೋಡಿದಳು. ಏನೂ ಕೇಳಲಿಲ್ಲ. ನನಗೆ ಸಮಯ ಕೊಡುತ್ತಿದ್ದಳೆಂದು ಈಗ ಅರ್ಥವಾಗುತ್ತದೆ. ಉತ್ತರ ಬಾರದ ವಿದ್ಯಾರ್ಥಿನಿಗೂ ಅವಳು ಹಾಗೆಯೇ ಕಾಯುತ್ತಿದ್ದಳು.

ಶನಿವಾರ ನಾಲ್ಕು ಗಂಟೆಯ ಹೊತ್ತಿಗೆ ಬಸವನ ಬಾಗೇವಾಡಿಯ ಹೊರವಲಯದಲ್ಲಿ, ಒಂದು ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದೆವು. ಯಾವ ಊರಿನ ಅಂಗಳದಲ್ಲಿ ಇದು ನಡೆಯಿತೆಂಬುದನ್ನು ಕನ್ನಡ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಂತಾ ಚಹಾಕ್ಕೆ ಇಡಲು ಸ್ಟೋವ್ ಹಚ್ಚಿ, ಪಾತ್ರೆ ಹಿಡಿದು, ದಾರ ಕಟ್ಟಿದ ಕ್ಯಾನಿಗೆ ಕೈ ಹಾಕಿದಳು.

"ಅದಲ್ಲ, ಆ ಕಡೀದು" ಎಂದೆ.

ಅವಳ ಕೈ ಅಲ್ಲೇ ನಿಂತಿತು. "ಯಾಕ? ಇದರಾಗ ಏನೈತಿ?"

ನನ್ನ ಕಣ್ಣು ಹಿಡಿಕೆಯ ದಾರದ ಮೇಲೆ ಹೋಯಿತು.

ಅವಳು ಸ್ಟೋವ್ ಆರಿಸಿದಳು. ಪಾತ್ರೆ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಳು. ಅಡುಗೆ ಹಲಗೆ ಮಡಚಿ ಕೊಂಡಿ ಹಾಕಿದಳು. ಎಲ್ಲವನ್ನೂ ಎಷ್ಟು ಸಾವಕಾಶ, ಎಷ್ಟು ಒಪ್ಪವಾಗಿ ಮಾಡಿದಳೆಂದರೆ, ಸಿಟ್ಟಿನಿಂದ ಎಸೆದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಸ್ಟೇರಿಂಗಿನ ಮುಂದೆ ಕೂತು ಹೇಳಿದಳು: "ಕೂಡ್ರಿ ಬಾಯಾರ. ಇಂಡಿಗೆ ಬಿಡ್ತೇನಿ."

ಕೂಡ್ರಿ. ಬಾಯಾರ. ಇಪ್ಪತ್ತೆರಡು ವರ್ಷ ‘ನೀ’ ಎಂದವಳು. ಪರರು ಗೌರವದಿಂದ ಬಳಸುವ ಆ ‘ರಿ’ ಅಷ್ಟು ಹರಿತವಾಗಿರಬಲ್ಲದೆಂದು ಯಾವ ವ್ಯಾಕರಣದಲ್ಲೂ ನಾನು ಓದಿರಲಿಲ್ಲ. ನನ್ನ ಮನೆಯ ಮುಂದೆ ಇಳಿಸಿ, ನನ್ನ ಚೀಲವನ್ನೂ ದಾರ ಕಟ್ಟಿದ ಕ್ಯಾನನ್ನೂ ಮೆಟ್ಟಿಲ ಮೇಲಿಟ್ಟು, "ಇದು ನಿಮ್ದು" ಎಂದು ಹೊರಟುಹೋದಳು.

ಮೂರು ವರ್ಷ ನಾನು ರಾಘುವಿನ ಮನೆಯವರನ್ನು ಮನಸ್ಸಿನಲ್ಲೇ ವಿಚಾರಣೆಗೆ ನಿಲ್ಲಿಸಿದೆ. ದಿನ, ವಾರ, ಗಂಟೆ, ಆಡಿದ ಮಾತು, ಆಡದ ಮಾತು ಎಲ್ಲವೂ ನನ್ನ ಬಳಿ ಭದ್ರವಾಗಿದ್ದವು. ಶಾಂತಾಳಿಗೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. "ಆರಾಮ ಅದೀನ್ರಿ ಬಾಯಾರ. ನೀವು ಆರಾಮ?" ಎನ್ನುತ್ತಿದ್ದಳು, ಅಷ್ಟೇ.

ಹೋದ ವಾರ ಝಳಕಿಯಿಂದ ಇಂಡಿಗೆ ಬಂದವಳು ಮನೆಗೆ ಹೋಗಲಿಲ್ಲ. ಅಗರಖೇಡದ ಬಸ್ಸು ಹತ್ತಿದೆ. ಅವಳ ಅಂಗಳದಲ್ಲಿ ವ್ಯಾನು ನಿಂತಿತ್ತು. ಅದರೊಳಗಿನ ಒಂದು ಮಂಚದ ಮೇಲೆ ಕೋಳಿ ಕಾವಿಗೆ ಕೂತಿತ್ತು. ಶಾಂತಾ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು.

"ಬರ್ರಿ ಬಾಯಾರ."

ನಿಂತೇ ಆರಂಭಿಸಿದೆ. ಮಾಲತಿ ಏನೆಂದಳು, ರಾಘು ಎಲ್ಲಿ ನಿಂತಿದ್ದ, ಅವರದು ಎಂಥ ಬುದ್ಧಿ, ಒಂದನ್ನೂ ಬಿಡದೆ ಹೇಳಿದೆ. ಅವಳು ಮೊರ ಆಡಿಸುತ್ತಲೇ ಕೇಳಿದಳು. ನಾನು ಮುಗಿಸಿದ ಮೇಲೆ ತಲೆ ಎತ್ತಿದಳು.

"ದಾರ ಕಟ್ಟಿದ್ದು ಅವರು. ಒಪ್ಪಿದೆ. ಅದನ್ನ ಓದಿದ್ದು ಯಾರು?"

ಮೂರು ವರ್ಷದ ನನ್ನ ವಿಚಾರಣೆಯಲ್ಲಿ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

"ನಾನು" ಎಂದೆ.

"ಇಷ್ಟ ಹೇಳಾಕ ಮೂರು ವರ್ಷ ಬೇಕಾತು ನಿನಗ." ಅವಳು ಮೊರ ಕೆಳಗಿಟ್ಟಳು. ‘ನಿನಗ’ ಎಂದಿದ್ದಳು. ಅವಳಿಗೆ ಅದು ತಿಳಿಯಿತೋ ಇಲ್ಲವೋ, ನನಗಂತೂ ತಿಳಿಯಿತು; ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ತಾನು ಮೊದಲು ಎತ್ತಿ ನಾಲ್ಕು ಗುಟುಕು ಕುಡಿದು, ಅದೇ ತಂಬಿಗೆಯನ್ನು ನನ್ನತ್ತ ಚಾಚಿದಳು. ಪರೀಕ್ಷೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಕುಡಿದೆ.

"ಹ್ಞಾಂ" ಎಂದಳು. "ಬ್ಯಾಟರಿ ಸತ್ತೈತಿ. ಹೊಸಾದು ಹಾಕಸಬೇಕು. ಕೋಳಿ ಮರಿ ಮಾಡಿ ಇಳದ ಮ್ಯಾಲ ಹೋಗೂಣು. ಆದ್ರ ಸುಮತಿ, ಇಲ್ಲಿ ಕಟ್ಟಿ ಮ್ಯಾಲ ನನ್ನ ಮುಂದ ಹೇಳಿದ್ದು ಸಾಲಂಗಿಲ್ಲ. ನಿಮ್ಮವರ ಮುಂದ ಹೇಳು."

"ಹೇಳ್ತೀನಿ."

"ಬೈಯಬ್ಯಾಡ ಮತ್ತ. ಬೈಯೂದು ನಿನಗ ಸಲೀಸ. ಕೇಳು. ಅವರ ಬಾಯಿಂದ ಉತ್ತರ ಬರಲಿ."

ನಿನ್ನೆ ಸಂಜೆ ರಾಘುವಿನ ಫೋನು ಬಂತು. ಅವನಿಗೆ ಅರವತ್ತು ತುಂಬಿತು. ಬರುವ ತಿಂಗಳು ಶಾಂತಿ ಇಟ್ಟುಕೊಂಡಿದ್ದಾರೆ. "ಅಕ್ಕಾ, ನೀ ಇಲ್ಲದ ಹ್ಯಾಂಗ? ಹಿರೇಕಿ ನೀನ. ಗಾಡಿ ಕಳಸ್ತೀನಿ" ಎಂದ. ಪಕ್ಕದಿಂದ ಮಾಲತಿಯೂ, "ಎರಡು ದಿನ ಮೊದಲೇ ಬರ್ರಿ ಅಕ್ಕಾ" ಎಂದಳು. ಅವರ ದನಿಯಲ್ಲಿ ಪ್ರೀತಿಯೇ ಇತ್ತು. ಪ್ರೀತಿ ಇಲ್ಲವೆಂದು ನಾನು ಎಂದೂ ಆಪಾದಿಸಿಲ್ಲ. ಗಾಡಿ ಬೇಡ, ನಮ್ಮದೇ ಇದೆ ಎಂದು ಹೇಳಿ ಫೋನು ಇಟ್ಟು, ಇದನ್ನು ಬರೆಯಲು ಕೂತೆ.

ರಾಘು, ಮಾಲತಿ, ನಾನು ಬರುತ್ತೇನೆ. ಗಾಡಿ ನಡೆಸುವವಳು ಶಾಂತಾ. ನಿಮ್ಮಲ್ಲಿಂದ ನೇರವಾಗಿ ನಾವು ಸಂಗಮದ ದಾರಿ ಹಿಡಿಯುತ್ತೇವೆ. ಅವಳನ್ನು ಡ್ರೈವರ್ ಎಂದು ತಿಳಿದು ಹೊರಗಿನ ಖೋಲಿಯಲ್ಲಿ, ಇಲ್ಲವೇ ಅತಿಥಿ ಎಂದು ತಿಳಿದು ಎಲ್ಲರಿಗಿಂತ ಮೊದಲು ಒಬ್ಬಳಿಗೇ ಬಡಿಸುವ ನಿಮ್ಮ ಮರ್ಯಾದೆಗಳೆಲ್ಲ ನನಗೆ ಗೊತ್ತು. ಅವುಗಳಲ್ಲಿ ಕೆಲವನ್ನು ನಿಮಗೆ ಕಲಿಸಿದವಳೂ ನಾನೇ ಇರಬೇಕು. ಆದ್ದರಿಂದ ಬೈಯುತ್ತಿಲ್ಲ, ಕೇಳುತ್ತಿದ್ದೇನೆ. ಅಂದು ಮಧ್ಯಾಹ್ನ ಮೊದಲನೆಯ ಪಂಕ್ತಿ ಕೂರುವಾಗ, ನನ್ನ ಎಲೆಯ ಎಡಕ್ಕೆ ಅವಳ ಎಲೆ ಹಾಕುವವರು ನಿಮ್ಮಿಬ್ಬರಲ್ಲಿ ಯಾರು?